ಇವತ್ತಿಗೆ ಎಂಟು ದಿನ

ಹಳೆಯ ಕೋಡ್ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಆದದ್ದಕ್ಕೆಲ್ಲ ಈ ಉರಿಯೇ ಮೂಲ. ಮನೆಯಲ್ಲೂ ಅಷ್ಟೆ. ಹಿಡಿ ಮುರಿದ ಬಾಣಲೆ, ಒಂಟಿ ಕಾಲುಚೀಲ, ಮುಚ್ಚಳ ಕಳೆದ ಡಬ್ಬಿ ಇಂಥದ್ದೇನಾದರೂ ಕಣ್ಣಿಗೆ ಬಿದ್ದರೆ ಅದನ್ನು ಎಸೆಯುವ ತನಕ ನಾನು ಕೂತಲ್ಲಿ ಕೂರುವುದಿಲ್ಲ. "ನಿನ್ನ ಮನೇಲಿ ಅರ್ಧ ಗಂಟೆ ಅಲ್ಲಾಡದೆ ಕೂತ್ರೆ ನನ್ನನ್ನೂ ಕಸದ ಬುಟ್ಟಿಗೆ ಹಾಕ್ತೀಯ ಕಣೆ" ಎಂದು ಅಕ್ಕ ಹೇಳುತ್ತಿರುತ್ತಾಳೆ.

ನಾನು ಕೆಲಸ ಮಾಡುವುದು ತಾರೀಖುಗಳ ಲೈಬ್ರರಿಯಲ್ಲಿ. ಪುಸ್ತಕದ ಲೈಬ್ರರಿ ಅಲ್ಲ, ಸಾಫ್ಟ್‌ವೇರಿನದು. ಇಂಥ ದಿನದಿಂದ ಇಷ್ಟು ದಿನಕ್ಕೆ ಯಾವ ತಾರೀಖು, ಈ ತಿಂಗಳ ಕೊನೆಯ ಶುಕ್ರವಾರ ಯಾವತ್ತು ಬರುತ್ತದೆ, ಇಂಥ ಲೆಕ್ಕಗಳನ್ನು ಬೇರೆ ಬೇರೆ ಊರಿನ ಪ್ರೋಗ್ರಾಮರುಗಳು ತಾವೇ ಬರೆಯುತ್ತ ಕೂರುವ ಬದಲು ನಾವು ಬರೆದಿಟ್ಟ ಫಂಕ್ಷನ್ನುಗಳನ್ನು, ಅಂದರೆ ಒಂದೊಂದು ಲೆಕ್ಕ ಮಾಡುವ ಕೋಡಿನ ತುಣುಕುಗಳನ್ನು, ಹೆಸರು ಹಿಡಿದು ಕರೆದು ಮಾಡಿಸಿಕೊಳ್ಳುತ್ತಾರೆ. ಯಾರು ಯಾರು ಕರೆಯುತ್ತಾರೋ ನಮಗೂ ಪೂರ್ತಿ ಗೊತ್ತಿಲ್ಲ. ಹಾಗಾಗಿ ಒಂದು ಫಂಕ್ಷನ್ ಬೇಡವೆನ್ನಿಸಿದರೆ ಏಕಾಏಕಿ ಅಳಿಸುವಂತಿಲ್ಲ. ಮೊದಲು ಅದಕ್ಕೆ ನಿವೃತ್ತಿ ಕೊಡುತ್ತೇವೆ. ಅಂದಿನಿಂದ ಅದನ್ನು ಯಾರೇ ಕರೆದರೂ ಅವರ ಪರದೆಯ ಮೇಲೆ ಹಳದಿ ಅಕ್ಷರಗಳಲ್ಲಿ ಒಂದು ಎಚ್ಚರಿಕೆ ಬರುತ್ತದೆ: ಇದು ಹಳೆಯದು, ಇನ್ನು ಮುಂದೆ ಹೊಸದನ್ನು ಬಳಸಿ. ಎಚ್ಚರಿಕೆ ಕೊಟ್ಟರೂ ಕೆಲಸವನ್ನೇನೋ ಮಾಡಿಕೊಡುತ್ತದೆ. ಎಷ್ಟು ಕಡೆ ಎಚ್ಚರಿಕೆ ಬಂತು ಎಂಬ ಲೆಕ್ಕ ತಿಂಗಳಿಗೊಮ್ಮೆ ನಮಗೆ ಸಿಗುತ್ತದೆ. ಅದು ಸೊನ್ನೆಗೆ ಇಳಿದ ಮೇಲೆ ಅಳಿಸುತ್ತೇವೆ. ನಮ್ಮ ಆಫೀಸಿನಲ್ಲಿ ಇವಕ್ಕೆ 'ನಿವೃತ್ತರು' ಎಂದೇ ಹೆಸರು. ಬೀಳ್ಕೊಡುಗೆ ಮುಗಿದು ಹಾರ ಒಣಗಿದರೂ ದಿನಾ ಬೆಳಿಗ್ಗೆ ಊಟದ ಡಬ್ಬಿ ಹಿಡಿದುಕೊಂಡು ಬಂದು ಅದೇ ಕುರ್ಚಿಯಲ್ಲಿ ಕೂರುವ ಜನ.

ಅವರಲ್ಲೆಲ್ಲ ಮಹಾ ಹಟಮಾರಿ ಎಂದರೆ 'ಎಣಿಸು'. ಅದನ್ನು ಬರೆದವರು ಈ ಲೈಬ್ರರಿಯನ್ನು ಶುರುಮಾಡಿದ ಮೇಷ್ಟ್ರು. ಅವರು ಈಗ ಕೆಲಸ ಬಿಟ್ಟು ಗಿಡಗಳಿಗೆ ನೀರು ಹಾಕಿಕೊಂಡು ಸುಖವಾಗಿದ್ದಾರೆ, ಸಂಕಟ ನಮಗೆ. ಮೇಷ್ಟ್ರು ಬಾಯಲ್ಲಿ ಮಾತಾಡಿದ ಹಾಗೇ ಕೋಡ್ ಬರೆದಿದ್ದರು. 'ಇವತ್ತಿಗೆ ಎಂಟು ದಿನ' ಎಂದರೆ ನಾವು ಯಾರೂ ಎಂಟು ದಿನ ಎಣಿಸುವುದಿಲ್ಲ, ಬರುವ ವಾರ ಇದೇ ದಿನ ಎಂದೇ ಅರ್ಥ. ಮಂಗಳವಾರ ಹೇಳಿದರೆ ಮಂಗಳವಾರ. ಹದಿನೈದು ದಿನ ಎಂದರೆ ಎರಡು ವಾರ. ಇವತ್ತನ್ನೂ ಒಂದು ಎಂದು ಸೇರಿಸಿ ಎಣಿಸುವ ಲೆಕ್ಕ ಅದು. 'ಎಣಿಸು'ವಿಗೆ ಎಂಟು ಕೊಟ್ಟರೆ ಏಳು ದಿನ ಮುಂದಿನ ತಾರೀಖು ಕೊಡುತ್ತಿತ್ತು. ಮಾತಿಗೆ ಸರಿ, ಗಣಿತಕ್ಕೆ ತಪ್ಪು. ಹೊರಗಿನ ಊರಿನವರು ಎಂಟು ಕೊಟ್ಟು, ಏಳು ಬಂದದ್ದನ್ನು ಕಂಡು, ನಮಗೆ ಉಗಿದು ಪತ್ರ ಬರೆಯುತ್ತಿದ್ದರು. ಐದು ವರ್ಷದ ಹಿಂದೆ 'ಕೂಡಿಸು' ಎಂಬ ಹೊಸ ಫಂಕ್ಷನ್ ಬರೆದೆವು. ಅದರಲ್ಲಿ ಎಂಟು ಎಂದರೆ ಎಂಟೇ. ಅವತ್ತೇ 'ಎಣಿಸು'ವಿಗೆ ನಿವೃತ್ತಿಯಾಯಿತು.

ಕಳೆದ ಆರು ತಿಂಗಳಿಂದ ಅದರ ಲೆಕ್ಕ ಸೊನ್ನೆ ತೋರಿಸುತ್ತಿತ್ತು. ನಾನು ನಮ್ಮ ತಂಡದ ಮುಖ್ಯಸ್ಥರ ಬೆನ್ನು ಬಿದ್ದೆ. ಅವರನ್ನು ನಾವು ಯಜಮಾನರು ಎನ್ನುತ್ತೇವೆ. ಆಫೀಸಿನ ಕಿಟಕಿ ತೆರೆಯುವುದಕ್ಕೂ ನಾಲ್ಕು ಸಲ ಯೋಚಿಸುವ ಮನುಷ್ಯ.

"ಹೆಸರು ಇನ್ನೊಂದು ವರ್ಷ ಇರ್ಲಿ ಬಿಡಮ್ಮ. ಅನ್ನ ನೀರು ಕೇಳತ್ತಾ ಅದು?" ಎಂದರು.

"ಸರ್, ಒಂದು ಕೆಲಸ ಮಾಡ್ತೀನಿ. ಹೆಸರು ಇರ್ಲಿ, ಒಳಗಿನ ಹಳೇ ಲೆಕ್ಕ ತೆಗೆದು 'ಕೂಡಿಸು'ಗೆ ದಾರಿ ತೋರಿಸಿಬಿಡ್ತೀನಿ. ಯಾರಾದ್ರೂ ಅಪ್ಪಿತಪ್ಪಿ ಕರೆದ್ರೂ ಪ್ರೋಗ್ರಾಮ್ ನಿಲ್ಲಲ್ಲ."

"ನಿಲ್ಲಲ್ಲ, ಸರಿ. ಆದ್ರೆ ಉತ್ತರ ಬೇರೆ ಬರತ್ತಲ್ಲ."

"ಯಾರಿಗೆ ಬರತ್ತೆ ಸರ್? ಕರೆಯೋರೇ ಇಲ್ಲ. ಸೊನ್ನೆ. ನೀವೇ ನೋಡಿ."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಸೊನ್ನೆಯನ್ನು ನೋಡಿದರು. ಮೂರನೇ ತಾರೀಖು ಸೋಮವಾರ ಹೊಸ ಆವೃತ್ತಿ ಹೊರಟಿತು. ಅಂದು ಸಂಜೆ ಮನೆಗೆ ನಡೆದುಕೊಂಡು ಹೋಗುವಾಗ ಬಹಳ ದಿನದ ಮೇಲೆ ನನ್ನ ಮೈ ಹಗುರವಾಗಿತ್ತು.

ಹದಿಮೂರನೇ ತಾರೀಖು ಗುರುವಾರ ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. ಅಕ್ಕ ಒಂದು ಚಿಕ್ಕ ಆಸ್ಪತ್ರೆಯಲ್ಲಿ ನರ್ಸು. ಇಪ್ಪತ್ತೆರಡು ವರ್ಷದಿಂದ ಅಲ್ಲೇ. ಚುಚ್ಚುಮದ್ದಿನ ಕೋಣೆ ಅವಳದೇ ರಾಜ್ಯ. ರಕ್ತದ ಕಾಯಿಲೆಯ ತಜ್ಞರು ಅಲ್ಲಿಗೆ ಮಂಗಳವಾರ ಮಾತ್ರ ಬರುತ್ತಾರೆ. ಬಂದ ರೋಗಿಗಳ ಕಾರ್ಡಿನ ಮೇಲೆ ಮುಂದಿನ ಚುಚ್ಚುಮದ್ದಿನ ತಾರೀಖು ಬರೆದು ಕೊಡುವುದು ಅಕ್ಕನ ಕೆಲಸ.

"ಕೆಲಸದಲ್ಲಿದೀಯಾ? ಆಮೇಲೆ ಮಾಡ್ಲಾ?" ಎಂದಳು. ಅಕ್ಕ ಹಾಗೆ ಕೇಳಿದವಳೇ ಅಲ್ಲ. ನಾನು ಫೋನ್ ಹಿಡಿದುಕೊಂಡು ಮೆಟ್ಟಿಲಿನ ಹತ್ತಿರ ಹೋದೆ.

ಹೇಳಿದಳು. ಹಿಂದಿನ ವಾರ, ನಾಲ್ಕನೇ ತಾರೀಖು ಮಂಗಳವಾರ, ಹನ್ನೊಂದು ಜನಕ್ಕೆ ಕಾರ್ಡ್ ಬರೆದುಕೊಟ್ಟಿದ್ದಾಳೆ. ಹನ್ನೊಂದನೇ ತಾರೀಖು ಎಂದು ಬರೆಯಬೇಕಾದಲ್ಲಿ ಹನ್ನೊಂದು ಕಾರ್ಡಿಗೂ ಹನ್ನೆರಡು ಎಂದು ಬರೆದಿದ್ದಾಳೆ. ಮೊನ್ನೆ ಮಂಗಳವಾರ ತಜ್ಞರು ಬಂದರೆ ಬೆಂಚು ಖಾಲಿ. ಅಕ್ಕ ಒಬ್ಬೊಬ್ಬರಿಗೇ ಫೋನ್ ಮಾಡಿದಳು, ಒಂಬತ್ತು ಜನ ಓಡಿಬಂದರು, ಒಬ್ಬರು ಮರುದಿನ ಬೇರೆ ಕಡೆ ಚುಚ್ಚುಮದ್ದು ಹಾಕಿಸಿಕೊಂಡರು. ಉಳಿದದ್ದು ಒಬ್ಬಳು ಟೈಲರ್ ಹೆಂಗಸು. ಅವಳ ಫೋನ್ ಕೆಟ್ಟಿತ್ತು. ಕಾರ್ಡಿನಲ್ಲಿ ಇದ್ದ ಹಾಗೆ ಬುಧವಾರ ಎರಡು ಬಸ್ಸು ಬದಲಿಸಿ ಬಂದಳು. ಅಕ್ಕನಿಗೆ ಅವತ್ತು ರಜೆ. ಮುಚ್ಚಿದ ಕೋಣೆಯ ಮುಂದೆ ಮಧ್ಯಾಹ್ನದ ತನಕ ಕೂತು, ವಾಪಸ್ಸು ಹೋಗುವಾಗ ಬಸ್ಸಿನಲ್ಲೇ ಕಣ್ಣು ಕತ್ತಲೆ ಬಂದು ಬಿದ್ದಳು. ದೊಡ್ಡಾಸ್ಪತ್ರೆಗೆ ಸೇರಿಸಿದ್ದಾರೆ.

"ಜೀವಕ್ಕೇನೂ ಇಲ್ಲ ಅಂದ್ರು. ಹಣೆಗೆ ನಾಲ್ಕು ಹೊಲಿಗೆ" ಎಂದಳು ಅಕ್ಕ. "ಶನಿವಾರದೊಳಗೆ ಬರೆದು ಕೊಡು ಅಂದಿದಾರೆ ನಮ್ಮ ಆಸ್ಪತ್ರೆ ಡಾಕ್ಟ್ರು, ಹೇಗಾಯ್ತು ಅಂತ. ಹೇಗಾಯ್ತು ಅಂತ ಬರೀಲೇ? ಮಂಗಳವಾರದ ಮದ್ದು ಅಂತ ನಿದ್ದೆಗಣ್ಣಲ್ಲಿ ಕೇಳಿದ್ರೂ ಹೇಳ್ತೀನಿ. ಹನ್ನೊಂದು ಸಲ ಬರೆದೆನಲ್ಲ, ಒಂದು ಸಲನಾದ್ರೂ ಇದು ಬುಧವಾರ ಅಂತ ಹೊಳೀಬಾರದಾ?"

"ಕಂಪ್ಯೂಟರ್ ನೋಡಿ ತಾನೇ ಬರೆದಿದ್ದು?" ಎಂದೆ.

"ಹೂಂ. ಎಂಟು ಅಂತ ಒತ್ತಿದೆ, ಬಂದಿದ್ದು ಬರೆದೆ. ಮೊನ್ನೆ ಹೆದರಿ ಅದನ್ನ ಮುಟ್ಟಲೇ ಇಲ್ಲ, ಕ್ಯಾಲೆಂಡರ್ ನೋಡಿ ಬರೆದೆ. ಒತ್ತಿದ್ದು ಎಂಟೋ ಒಂಬತ್ತೋ ಯಾರಿಗೆ ಗೊತ್ತು. ಅದೇನು ನೆನಪಿಟ್ಟುಕೊಳ್ಳತ್ತಾ? ಇವತ್ತು ಮನೇಲಿರು ಅಂದಿದಾರೆ. ನಾಳೆ ಹೋಗಿ ಇನ್ನೊಂದು ಸಲ ಎಂಟು ಒತ್ತಿ ನೋಡ್ತೀನಿ. ತಪ್ಪು ಬಂದ್ರೆ ಅದರ ತಪ್ಪು, ಸರಿ ಬಂದ್ರೆ ನಂದು."

ಆ ಪ್ರೋಗ್ರಾಮ್ ಬರೆದುಕೊಟ್ಟವಳು ನಾನೇ. ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ, ಅಕ್ಕ ಅಡುಗೆ ಮಾಡುತ್ತಿರುವಾಗ, ಅವಳ ಊಟದ ಮೇಜಿನ ಮೇಲೆ. ಅಕ್ಕ ಎಂಟು ದಿನ, ಹದಿನೈದು ದಿನ ಎಂದು ಹೇಳುವವಳು. ಏಳು ಒತ್ತು, ಹದಿನಾಲ್ಕು ಒತ್ತು ಎಂದರೆ ಗೊಂದಲ ಮಾಡಿಕೊಂಡಾಳು ಎಂದು, ನಿವೃತ್ತ ಎಂದು ಗೊತ್ತಿದ್ದೂ 'ಎಣಿಸು'ವನ್ನೇ ಹಾಕಿದ್ದೆ. ದಿನಾ ಬೆಳಿಗ್ಗೆ ಕಂಪ್ಯೂಟರ್ ಹಾಕಿದ ಕೂಡಲೇ ನಮ್ಮ ಲೈಬ್ರರಿಯ ಹೊಸ ಆವೃತ್ತಿಯನ್ನು ತಾನಾಗಿಯೇ ಎಳೆದುಕೊಳ್ಳುವ ಹಾಗೆ ಮಾಡಿದ್ದೆ. ಒಂದು ವಾರವಾದ ಮೇಲೆ ಅಕ್ಕ, "ಮೇಲೆ ಅದೇನೋ ಹಳದಿ ಅಕ್ಷರ ಬರತ್ತಲ್ಲೇ, ರೋಗಿಗಳು ಬಗ್ಗಿ ಬಗ್ಗಿ ನೋಡ್ತಾರೆ, ಹೆದರ್ಕೋತಾರೆ, ತೆಗಿ ಅದನ್ನ" ಎಂದಳು. ಒಂದು ಸಾಲು ಸೇರಿಸಿ ಎಚ್ಚರಿಕೆಯ ಬಾಯಿ ಮುಚ್ಚಿಸಿದೆ. ಬಾಯಿ ಮುಚ್ಚಿದ ಎಚ್ಚರಿಕೆ ನಮ್ಮ ಲೆಕ್ಕಕ್ಕೂ ಬರುವುದಿಲ್ಲ. ನಾನು ಯಜಮಾನರಿಗೆ ತೋರಿಸಿದ ಸೊನ್ನೆಯೊಳಗೆ ನನ್ನ ಅಕ್ಕ ಕೂತಿದ್ದಳು.

ಇಷ್ಟೆಲ್ಲ ನನಗೆ ಮೆಟ್ಟಿಲ ಮೇಲೆ ನಿಂತಲ್ಲೇ ಹೊಳೆಯಿತು. ಅಕ್ಕ ಇನ್ನೂ ಫೋನಿನಲ್ಲೇ ಇದ್ದಳು. ಆಗಲೇ ಹೇಳಬಹುದಿತ್ತು. ಬಾಯಿಗೆ ಬಂದದ್ದು, "ಏನೂ ಆಗಲ್ಲ, ತಲೆ ಕೆಡಿಸ್ಕೋಬೇಡ" ಎಂಬ ಮಾತು.

ಮೇಲೆ ಬಂದು ಕುರ್ಚಿಯಲ್ಲಿ ಕೂತೆ, ಎದ್ದೆ. ನೀರು ಕುಡಿದೆ, ಮತ್ತೆ ಕುಡಿದೆ. ಅಕ್ಕನ ಹಾಗೆ ಇನ್ನೆಷ್ಟು ಜನ ಎಚ್ಚರಿಕೆಯ ಬಾಯಿ ಮುಚ್ಚಿಸಿದ್ದಾರೋ, ಇನ್ನೆಲ್ಲಿ ಯಾರು ಬೀಳುತ್ತಾರೋ ಎಂದು ಕಾಲು ತಾನಾಗಿಯೇ ಕುಣಿಯತೊಡಗಿತು. ಪಕ್ಕದ ಮೇಜಿನವನು, "ಮೇಜು ಅಲ್ಲಾಡ್ತಿದೆ ಮೇಡಂ" ಎಂದ. ಅಂದೇ ಸಂಜೆಯೊಳಗೆ 'ಎಣಿಸು'ವಿನ ಹಳೆಯ ಲೆಕ್ಕವನ್ನು ಇದ್ದ ಹಾಗೇ ವಾಪಸ್ಸು ಇಟ್ಟೆ. ಹತ್ತು ಸಲ ಪರೀಕ್ಷೆ ಮಾಡಿದೆ. ಬದಲಾವಣೆಯ ಟಿಪ್ಪಣಿಯಲ್ಲಿ 'ಸಣ್ಣ ತಿದ್ದುಪಡಿ' ಎಂದು ಎರಡೇ ಪದ ಬರೆದು ಹೊಸ ಆವೃತ್ತಿ ಕಳಿಸಿದೆ. ಯಜಮಾನರು ಹಲ್ಲಿನ ಡಾಕ್ಟರ ಬಳಿ ಹೋಗಿದ್ದರು, ಅದೂ ಒಳ್ಳೆಯದೇ ಆಯಿತು ಎಂದುಕೊಂಡೆ. ಇನ್ನು ಯಾರಿಗೂ ತೊಂದರೆಯಿಲ್ಲ, ಅಕ್ಕನಿಗೆ ಸಮಾಧಾನವಾಗಿ ಕೂತು ಹೇಳಿದರಾಯಿತು. ಹೇಗೆ ಹೇಳುವುದು ಎಂದು ಯೋಚಿಸುತ್ತ ಶುಕ್ರವಾರವೂ ಕಳೆಯಿತು. ಎರಡು ಸಲ ಅವಳ ನಂಬರ್ ಒತ್ತಿ ಕಟ್ ಮಾಡಿದೆ. ನಾನು ಹೇಡಿ ಎಂದು ನನಗೇ ಗೊತ್ತಾದದ್ದು ಅವತ್ತು.

ಶನಿವಾರ ಹನ್ನೊಂದು ಗಂಟೆಗೆ ಅಕ್ಕನ ಮನೆಗೆ ಹೋದೆ. ಭಾವ ಕೆಲಸಕ್ಕೆ ಹೋಗಿದ್ದರು. ಅಕ್ಕ ಹೊರಗೆ ಹೋಗುವ ಸೀರೆಯಲ್ಲೇ ಇದ್ದಳು, ಅಡುಗೆಮನೆಯ ಕಪಾಟಿನ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸುತ್ತಿದ್ದಳು. ಸಕ್ಕರೆ. ಉಪ್ಪು. ಟೀ ಪುಡಿ.

"ಇದೇನಕ್ಕ?"

"ಈಗಲೇ ಮಾಡಿಟ್ಟುಕೊಂಡ್ರೆ ಒಳ್ಳೇದಲ್ವಾ?" ಎಂದಳು ತಲೆ ಎತ್ತದೆ. "ಅಮ್ಮನ ಕಾಲಕ್ಕೆ ನಾವು ತಡ ಮಾಡಿದ್ವಿ."

ನಮ್ಮ ಅಮ್ಮ ಆರು ವರ್ಷ ಮರೆವಿನಲ್ಲೇ ಬದುಕಿ ಹೋದವಳು. ಮೊದಮೊದಲು ತಾರೀಖು ತಪ್ಪುತ್ತಿತ್ತು. ಆಮೇಲೆ ಮನೆಯ ದಾರಿ ತಪ್ಪಿತು. ಕೊನೆಯ ಎರಡು ವರ್ಷ ಅಕ್ಕನನ್ನು "ನರ್ಸಮ್ಮಾ" ಎಂದು ಕರೆಯುತ್ತಿದ್ದಳು. ಅಕ್ಕ ನಿಜವಾಗಿಯೂ ನರ್ಸೇ ಆದ್ದರಿಂದ ಮೊದಲ ದಿನ ನಾವು ನಕ್ಕಿದ್ದೆವು. ಅಮ್ಮ ತಮಾಷೆ ಮಾಡುತ್ತಿಲ್ಲ, ಇವಳು ಯಾರು ಎಂದು ಅವಳಿಗೆ ಗೊತ್ತಾಗುತ್ತಿಲ್ಲ ಎಂದು ತಿಳಿದಾಗ ಅಕ್ಕ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

"ನಿನ್ನೆ ಹೋಗಿ ಎಂಟು ಒತ್ತಿ ನೋಡಿದೆ ಕಣೆ" ಎಂದಳು ಅಕ್ಕ. "ಏಳೆಂಟು ಸಲ ನೋಡಿದೆ. ಸರಿಯಾಗೇ ತೋರಿಸ್ತು, ಶುಕ್ರವಾರಕ್ಕೆ ಶುಕ್ರವಾರ. ಹದಿನೈದು ಒತ್ತಿದ್ರೂ ಸರಿ. ಅಂದಮೇಲೆ ಇನ್ನೇನು. ತಪ್ಪಿದ್ದು ನನ್ನ ತಲೆನೇ. ಬೆಳಿಗ್ಗೆ ಹೋಗಿ ಬರೆದು ಕೊಟ್ಟು ಬಂದೆ. ನಂಗೆ ಮರೆವು ಶುರುವಾಗಿದೆ, ನಮ್ಮ ತಾಯಿಗೂ ಇತ್ತು, ರೋಗಿಗಳ ಹತ್ರ ಇನ್ನು ನಾನು ಇರಬಾರದು ಅಂತ. ಡಾಕ್ಟ್ರು ಎದ್ದು ನಿಂತ್ಕೊಂಡ್ರು ಪಾಪ."

ನಾನು ಅಲ್ಲೇ ನೆಲದ ಮೇಲೆ, ಡಬ್ಬಿಗಳ ನಡುವೆ ಕೂತುಬಿಟ್ಟೆ. ಗುರುವಾರ ಸಂಜೆ ನಾನು ಸದ್ದಿಲ್ಲದೆ ಸರಿಮಾಡಿದ್ದೇ ಶುಕ್ರವಾರ ಬೆಳಿಗ್ಗೆ ಅವಳ ಪರದೆಯ ಮೇಲೆ ಬಂದು, ತಪ್ಪು ನಿನ್ನದೇ ಎಂದು ಏಳೆಂಟು ಸಲ ಹೇಳಿತ್ತು. ಹಾಳಾದ ಆ ಎರಡು ಪದ, ಸಣ್ಣ ತಿದ್ದುಪಡಿ.

ಎಲ್ಲ ಹೇಳಿದೆ. ಹಿಂದುಮುಂದಾಗಿ, ತಡವರಿಸಿ, ಮೇಷ್ಟ್ರಿಂದ ಹಿಡಿದು ಹಳದಿ ಅಕ್ಷರದ ತನಕ. ಅಕ್ಕ ಕೈಯಲ್ಲಿ 'ಸಾಸಿವೆ' ಎಂದು ಬರೆದ ಚೀಟಿ ಹಿಡಿದುಕೊಂಡೇ ಕೇಳಿದಳು. ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೊದಲು ಅವಳ ಮುಖ ಸಡಿಲವಾಯಿತು. "ಹಾಗಾದ್ರೆ ನಾನು ಒತ್ತಿದ್ದು ಎಂಟೇ" ಎಂದಳು. "ಎಂಟೇ ಒತ್ತಿದ್ದೆ."

"ಎಂಟೇ ಅಕ್ಕ."

ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಆಮೇಲೆ ನಗು ನಿಂತಿತು.

"ನಿಂಗೆ ಯಾವಾಗ ಗೊತ್ತಾಯ್ತು?"

"ಗುರುವಾರ. ನೀನು ಫೋನ್ ಮಾಡಿದಾಗ್ಲೇ."

ಅಕ್ಕ ಬೈಯುತ್ತಾಳೆ ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಬೈಗುಳಕ್ಕೆ ಬರವಿಲ್ಲ, ಬೈದಿದ್ದರೆ ನಾನೂ ತಿರುಗಿಸಿ ಎರಡು ಮಾತಾಡಿ ಅತ್ತು ಮುಗಿಸಬಹುದಿತ್ತು. ಅವಳು ಬೈಯಲಿಲ್ಲ.

"ನಿನ್ನೆ ಹೇಳಿದ್ರೆ ಸಾಕಿತ್ತಲ್ಲೇ" ಎಂದಳು. "ನಿನ್ನೆ ರಾತ್ರಿ ನಿಮ್ಮ ಭಾವಂಗೆ ಹೇಳಿದೆ, ನಂಗೆ ಜಾಸ್ತಿ ಆದ್ರೆ ಮನೇಲಿ ಇಟ್ಕೋಬೇಡಿ, ಎಲ್ಲಾದ್ರೂ ಸೇರಿಸಿ ಅಂತ. ಅವ್ರು ಊಟ ಬಿಟ್ಟು ಎದ್ದುಹೋದ್ರು."

"ತಪ್ಪಾಯ್ತು ಅಕ್ಕ" ಎಂದೆ. ಆ ಮಾತು ನನ್ನ ಕಿವಿಗೇ ಸಾಲದಾಯಿತು.

ಇಬ್ಬರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಗಲ್ಲಕ್ಕೆ ಕೈಕೊಟ್ಟು ನನ್ನ ಮಾತು ಕೇಳಿದರು. "ನೋಡಮ್ಮ, ತಂಗಿ ಅಕ್ಕನ್ನ ಉಳಿಸೋದಕ್ಕೆ ಬಂದಿದಾಳೆ ಅಂತ ನಾಳೆ ಯಾರಾದ್ರೂ ಅಂದ್ರೆ ನಾನೇನು ಹೇಳ್ಲಿ? ನಿಮ್ಮ ಆಫೀಸಿಂದ ಬರೆದು ಕೊಡ್ಲಿ" ಎಂದರು. ನ್ಯಾಯವಾದ ಮಾತು.

ಅಲ್ಲಿಂದಲೇ ಯಜಮಾನರಿಗೆ ಫೋನ್ ಮಾಡಿದೆ. ಆಸ್ಪತ್ರೆಯ ಗೇಟಿನ ಹತ್ತಿರ ಆ ಕಡೆ ಈ ಕಡೆ ಓಡಾಡುತ್ತ ಎಲ್ಲ ಒಪ್ಪಿಸಿದೆ.

"ಸೊನ್ನೆ ತೋರಿಸಿದೆಯಲ್ಲಮ್ಮ ನಂಗೆ" ಎಂದರು.

"ಹೌದು ಸರ್."

"ಆ ಹೆಂಗಸು ಹೇಗಿದಾರೆ?"

"ನಾಳೆ ಮನೆಗೆ ಕಳಿಸ್ತಾರಂತೆ."

"ಮೊದಲು ಅವ್ರನ್ನ ನೋಡ್ಕೊಂಡು ಬಾ. ಆಮೇಲೆ ಆಫೀಸಿಗೆ ಬಾ. 'ಸಣ್ಣ ತಿದ್ದುಪಡಿ' ಅಳಿಸಿ ಆದದ್ದನ್ನ ಆದ ಹಾಗೆ ಬರಿ. ಎಲ್ಲರಿಗೂ ಕಾಣೋ ಹಾಗೆ."

ಆ ಹೆಂಗಸನ್ನು ನೋಡಿಕೊಂಡು ಆಫೀಸಿಗೆ ಹೋಗಿ ಬರೆದೆ. ಮೂರರಿಂದ ಹದಿಮೂರನೇ ತಾರೀಖಿನ ತನಕ 'ಎಣಿಸು' ಕೊಟ್ಟ ಉತ್ತರಗಳೆಲ್ಲ ಒಂದು ದಿನ ಮುಂದೆ ಹೋಗಿವೆ, ಇದು ನನ್ನ ತಪ್ಪು, ನಿಮ್ಮದಲ್ಲ, ನಿಮ್ಮ ತಾರೀಖುಗಳನ್ನು ದಯವಿಟ್ಟು ನೋಡಿಕೊಳ್ಳಿ ಎಂದು. ಎರಡು ದಿನದಲ್ಲಿ ನಲವತ್ತು ಜನ ಬರೆದರು. ನಲವತ್ತೂ ಕಡೆ ಎಚ್ಚರಿಕೆಯ ಬಾಯಿ ಮುಚ್ಚಿಸಿದವರೇ. ಒಬ್ಬ ಹಾಲಿನ ಡೇರಿಯವನು, "ನಮ್ಮ ಹುಡುಗರನ್ನೆಲ್ಲ ಬೈದುಬಿಟ್ಟಿದ್ದೆ, ಈಗ ಹೋಗಿ ಕ್ಷಮೆ ಕೇಳ್ಬೇಕು" ಎಂದು ಬರೆದಿದ್ದ. ಅಳಿಸುವ ಅಧಿಕಾರವನ್ನು ಯಜಮಾನರು ನನ್ನಿಂದ ಒಂದು ವರ್ಷದ ಮಟ್ಟಿಗೆ ಕಿತ್ತುಕೊಂಡರು.

ಆಫೀಸಿನ ಪತ್ರ ನೋಡಿದ ಮೇಲೆ ಡಾಕ್ಟರು ಅಕ್ಕನ ಪತ್ರವನ್ನು ಅವಳ ಕೈಗೇ ವಾಪಸ್ಸು ಕೊಟ್ಟರು. ಅಕ್ಕ ಅದೇ ಮಂಗಳವಾರ ಕೆಲಸಕ್ಕೆ ಹೋದಳು. ಟೈಲರ್ ಹೆಂಗಸು ಹಣೆಯ ಪಟ್ಟಿಯ ಸಮೇತ ಬಂದು ಬೆಂಚಿನ ಮೇಲೆ ಎಲ್ಲರಿಗಿಂತ ಮೊದಲು ಕೂತಿದ್ದಳಂತೆ.

ಅಂದು ಸಂಜೆ ಅಕ್ಕನ ಮನೆಗೆ ಹೋದಾಗ ಅವಳು ನನಗೆ ಟೀ ಕೊಟ್ಟು ಎದುರಿಗೆ ಕೂತಳು. ಡಬ್ಬಿಗಳ ಚೀಟಿ ಕಿತ್ತಿರಲಿಲ್ಲ.

"ಒಂದು ಮಾತು ಕೊಡು" ಎಂದಳು. "ನಂಗೆ ಏನಾದ್ರೂ ತಪ್ಪಿದ್ರೆ, ನಿಂಗೆ ಗೊತ್ತಾದ್ರೆ, ಆಗಲೇ ಹೇಳಬೇಕು. ನೊಂದ್ಕೋತಾಳೆ ಪಾಪ ಅಂತ ಸುಮ್ನಿರಬಾರದು. ಅಮ್ಮನ ಹತ್ರ ನಾವೆಲ್ಲ ಹಾಗೇ ಮಾಡಿದ್ವಿ."

"ನಿಂಗೇನೂ ಆಗಿಲ್ಲ ಅಕ್ಕ. ಎಷ್ಟು ಸಲ ಹೇಳ್ಲಿ?"

"ಆಗಿಲ್ಲ, ಸರಿ. ಮಾತು ಕೊಡು."

ಕೊಟ್ಟೆ. ಕೊಡದೆ ಇರುವ ಮುಖ ನನಗೆಲ್ಲಿತ್ತು?

ಇದಾಗಿ ಎರಡು ತಿಂಗಳಾಯಿತು. ಈ ಬೆಳಿಗ್ಗೆ ಒಂಬತ್ತೂವರೆಗೆ ನಾನು ಆಫೀಸಿನ ಬಸ್ಸಿನಲ್ಲಿದ್ದಾಗ ಅಕ್ಕ ಫೋನ್ ಮಾಡಿದಳು. ಭಾವ ಹೊಸ ಚಪ್ಪಲಿ ತಂದದ್ದು, ಅದು ಕಚ್ಚುತ್ತಿರುವುದು, ಅವರು ಅದನ್ನು ಒಪ್ಪದೆ ಕುಂಟಿಕೊಂಡೇ ಕೆಲಸಕ್ಕೆ ಹೋದದ್ದು ಎಲ್ಲ ಹೇಳಿದಳು. ಇಬ್ಬರೂ ಚೆನ್ನಾಗಿ ನಕ್ಕೆವು. ಭಾನುವಾರ ಊಟಕ್ಕೆ ಬಾ ಎಂದಳು.

ಹನ್ನೊಂದು ಗಂಟೆಗೆ ಮತ್ತೆ ಫೋನ್ ಬಂತು.

"ನಿಮ್ಮ ಭಾವನ ಕಥೆ ಕೇಳು" ಎಂದು ಶುರುಮಾಡಿದಳು. ಹೊಸ ಚಪ್ಪಲಿ ತಂದಿದ್ದಾರೆ ಎಂದಳು. ಕಚ್ಚುತ್ತಿದೆ ಎಂದಳು. ನಾನು ಹೂಂ ಎನ್ನಲಿಲ್ಲ. ಅದು ಅವಳಿಗೆ ಗೊತ್ತಾಯಿತು. ಮಾತು ಅರ್ಧಕ್ಕೇ ನಿಲ್ಲಿಸಿದಳು. ಆ ಕಡೆ ಯಾರೋ ತಳ್ಳುಗಾಡಿ ಎಳೆದುಕೊಂಡು ಹೋಗುವ ಸದ್ದು ಕೇಳಿಸುತ್ತಿತ್ತು.

"ಇದನ್ನ ನಿಂಗೆ ಆಗಲೇ ಹೇಳಿದ್ನಾ?" ಎಂದಳು.

ಕುರ್ಚಿಯಿಂದ ಎದ್ದು ನಿಂತಿದ್ದೆ. ಎಲ್ಲಿಗೆ ಹೋಗಬೇಕೆಂದು ಗೊತ್ತಿರಲಿಲ್ಲ. ಇಲ್ಲ ಅಕ್ಕ, ಇದೇ ಮೊದಲು ಎಂದರೆ ಮುಗಿಯುತ್ತಿತ್ತು, ಅವಳು ನಗುತ್ತ ಕಥೆ ಮುಂದುವರಿಸುತ್ತಿದ್ದಳು. ಕೆಲಸದ ಗಡಿಬಿಡಿಯಲ್ಲಿ ಯಾರು ಬೇಕಾದರೂ ಒಂದು ಮಾತನ್ನು ಎರಡು ಸಲ ಹೇಳುತ್ತಾರೆ, ನಾನೂ ಹೇಳುತ್ತೇನೆ.

"ಹೂಂ ಅಕ್ಕ" ಎಂದೆ. "ಒಂಬತ್ತೂವರೆಗೆ ಹೇಳಿದ್ದೆ. ಪೂರ್ತಿ."

ತಳ್ಳುಗಾಡಿಯ ಸದ್ದು ದೂರವಾಯಿತು. ಅಕ್ಕ ಉಸಿರು ಬಿಟ್ಟದ್ದು ಕೇಳಿಸಿತು.

"ಭಾನುವಾರ ಊಟಕ್ಕೆ ಕರೆದ್ನಾ?"

"ಕರೆದೆ."

"ಸರಿ" ಎಂದಳು ಅಕ್ಕ. "ತಡಿ, ಬರ್ಕೋತೀನಿ."